ಉಡುವುದು ಮತ್ತು ತೊಡುವುದು: ಮಹಿಳಾ ಉಡುಗೆಯ ಚರಿತ್ರೆಯಲ್ಲಿ ಹೊಲಿಗೆಯ ಪ್ರಶ್ನೆ

1. ಪ್ರಸ್ತಾವನೆ

ಕನ್ನಡದಲ್ಲಿ ಬಂದಿರುವ ಸಮುದಾಯ ಅಧ್ಯಯನಗಳಲ್ಲಿ ‘ಉಡುಗೆ-ತೊಡುಗೆ’ ಎಂಬ ಉಪಶೀರ್ಷಿಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆಹಾರ ಪದ್ಧತಿಯ ವಿವರಣೆ ಮುಗಿದ ಮೇಲೆ, ಆಭರಣಗಳ ಪಟ್ಟಿ ಆರಂಭವಾಗುವುದಕ್ಕೆ ಮೊದಲು, ಒಂದೆರಡು ಪುಟಗಳಲ್ಲಿ ಅದು ಮುಗಿದುಹೋಗುತ್ತದೆ. ಗಂಡಸರು ಪಂಚೆ, ಅಂಗಿ ಧರಿಸುತ್ತಾರೆ. ಹೆಂಗಸರು ಸೀರೆ, ರವಿಕೆ ಧರಿಸುತ್ತಾರೆ. ಈಚೆಗೆ ನಾಗರಿಕತೆಯ ಪ್ರಭಾವದಿಂದ ಬದಲಾವಣೆಗಳಾಗಿವೆ. ಸಮುದಾಯದ ಹೆಸರು ಬದಲಾದರೂ ಈ ಮೂರು ವಾಕ್ಯಗಳು ಹೆಚ್ಚಾಗಿ ಬದಲಾಗುವುದಿಲ್ಲ. ಸೀರೆ ಎಷ್ಟು ಮೊಳದ್ದು, ಮೊದಲ ಗಂಟು ಎಲ್ಲಿ ಬೀಳುತ್ತದೆ, ನೆರಿಗೆ ಮುಂದೆಯೋ ಹಿಂದೆಯೋ, ಸೆರಗು ಯಾವ ಭುಜಕ್ಕೆ ಬರುತ್ತದೆ, ರವಿಕೆ ಎಷ್ಟು ತುಂಡುಗಳಿಂದ ಕೂಡಿದೆ, ಅದನ್ನು ಹೊಲಿದವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ಏಳುವುದು ಅಪರೂಪ.

ಈ ಕೊರತೆಯ ಹಿಂದೆ ಒಂದು ದೃಷ್ಟಿಕೋನವಿದೆ. ಉಡುಗೆಯನ್ನು ನಾವು ಹೆಸರುಳ್ಳ ವಸ್ತುವೆಂದು ಗ್ರಹಿಸಿದ್ದೇವೆ. ಕೈ ಮತ್ತು ಮೈ ಸೇರಿ ನಡೆಸುವ ಕ್ರಿಯೆಯೆಂದು ಗ್ರಹಿಸಿಲ್ಲ. ಆದ್ದರಿಂದ ನಮ್ಮಲ್ಲಿ ಬಟ್ಟೆಗಳ ಹೆಸರಿನ ಪಟ್ಟಿಗಳಿವೆ, ಬಣ್ಣದ ಹೆಸರುಗಳಿವೆ, ಶಿಲ್ಪಗಳ ವರ್ಣನೆಗಳಿವೆ. ಉಡುವ ಹಾಗೂ ಹೊಲಿಯುವ ಕ್ರಮದ ದಾಖಲೆ ಮಾತ್ರ ತೀರ ಕಡಿಮೆ. ಮಹಿಳೆಯರ ಉಡುಗೆಯ ಚರಿತ್ರೆಯನ್ನು ಬರೆಯಬೇಕಾದರೆ ಬಟ್ಟೆಯ ಅಳತೆ, ಸುತ್ತು, ಗಂಟು ಮತ್ತು ಹೊಲಿಗೆಗಳಿಂದಲೇ ಆರಂಭಿಸಬೇಕೆಂಬುದು ಪ್ರಸ್ತುತ ಲೇಖನದ ನಿಲುವು. ಲಭ್ಯವಿರುವ ಆಕರಗಳ ಸ್ವರೂಪವನ್ನು ಪರಿಶೀಲಿಸಿ, ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಸುತ್ತಲಿನ ಪ್ರದೇಶವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ನಿಲುವನ್ನು ಇಲ್ಲಿ ಚರ್ಚಿಸಲಾಗಿದೆ.

2. ಆಕರಗಳು ಹೇಳುವುದು, ಹೇಳದಿರುವುದು

ಕರ್ನಾಟಕದ ವಸ್ತ್ರಚರಿತ್ರೆಯನ್ನು ಬರೆಯುವವರು ಮೊದಲು ಎತ್ತಿಕೊಳ್ಳುವ ಗ್ರಂಥ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 12ನೆಯ ಶತಮಾನದ ಈ ಸಂಸ್ಕೃತ ಕೃತಿಯಲ್ಲಿ ವಸ್ತ್ರೋಪಭೋಗಕ್ಕೆ ಪ್ರತ್ಯೇಕ ಭಾಗವಿದೆ. ಬಟ್ಟೆ ಬರುವ ಊರುಗಳು, ನೂಲಿನ ಬಗೆಗಳು, ಬಣ್ಣಗಳು, ಋತುವಿಗೆ ತಕ್ಕ ಉಡುಪುಗಳು ಅಲ್ಲಿ ವರ್ಣಿತವಾಗಿವೆ. ಆದರೆ ಅದು ಉಪಭೋಗದ ಪಟ್ಟಿ, ಭೋಗಿಸುವವನು ಅರಸ. ಅದನ್ನು ಆಧರಿಸಿ ಅರಮನೆಯ ಉಗ್ರಾಣದ ಚಿತ್ರ ಬರೆಯಬಹುದೇ ಹೊರತು ನೀರು ಸೇದುವ ಹೆಂಗಸು ಏನನ್ನು ಹೇಗೆ ಉಟ್ಟಿದ್ದಳೆಂದು ಹೇಳಲಾಗದು.

ಎರಡನೆಯ ಆಕರ ಶಿಲ್ಪ ಮತ್ತು ಚಿತ್ರ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಿ ಹೊಯ್ಸಳ ಕಾಲದ ಸ್ತ್ರೀಯರ ಉಡುಗೆಯನ್ನು ನಿರ್ಣಯಿಸುವ ಬರಹಗಳು ಬಂದಿವೆ. ಆಭರಣಗಳನ್ನು ಮಣಿಮಣಿಯಾಗಿ ಬಿಡಿಸಿದ ಶಿಲ್ಪಿ ಬಟ್ಟೆಯನ್ನು ಮೈಗಂಟಿದ ಗೆರೆಗಳಲ್ಲಿ ಸೂಚಿಸಿ ಬಿಡುತ್ತಾನೆ. ಅದು ಶಿಲ್ಪಶೈಲಿಯ ನಿಯಮವೋ ಕಾಲದ ರೂಢಿಯೋ ಎಂದು ಕಲ್ಲೊಂದರಿಂದಲೇ ತೀರ್ಮಾನಿಸಲಾಗದು. ವಿಜಯನಗರ ಕಾಲದ, 16ನೆಯ ಶತಮಾನದ ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿ ಚಿತ್ರಗಳು ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ. ಅಲ್ಲಿನ ಸ್ತ್ರೀಯರ ಸೀರೆಗಳಲ್ಲಿ ಅಂಚು, ಒಡಲು, ವಿನ್ಯಾಸಗಳು ಬೇರೆಬೇರೆಯಾಗಿ ಕಾಣುತ್ತವೆ. ಆದರೂ ಚಿತ್ರ ತೋರಿಸುವುದು ಉಟ್ಟು ಮುಗಿದ ಮೇಲಿನ ಸ್ಥಿತಿಯನ್ನು. ಸೀರೆಯ ಯಾವ ತುದಿ ಮೊದಲು ಸೊಂಟ ಸೇರಿತು, ಒಳಗೆ ಎಷ್ಟು ಸುತ್ತು ಉಳಿಯಿತು ಎಂಬುದು ಚಿತ್ರದ ಹಿಂದೆ ಅಡಗಿರುತ್ತದೆ.

ಸಾಹಿತ್ಯ ಮೂರನೆಯ ಆಕರ. ಇಲ್ಲಿ ವಚನಕಾರರ ಹೆಸರುಗಳೇ ಒಂದು ಸಾಕ್ಷ್ಯ. ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ಜೇಡರ ದಾಸಿಮಯ್ಯ ನೇಯ್ಗೆಯವನು. ಸೂಜಿಕಾಯಕದ ರಾಮಿತಂದೆ ಹೊಲಿಗೆಯವನು. ಹೊಲಿಗೆಯು 12ನೆಯ ಶತಮಾನದಲ್ಲಿಯೇ ಹೆಸರಿನೊಡನೆ ಗುರುತಿಸಬಹುದಾದ ವೃತ್ತಿಯಾಗಿತ್ತೆಂಬುದಕ್ಕೆ ಇಷ್ಟು ಸಾಕು. ಚಿಪ್ಪಿಗ ಎಂಬ ಹಳೆಯ ಮಾತೂ ಇದನ್ನೇ ಸಮರ್ಥಿಸುತ್ತದೆ. ಹಾಗಿದ್ದೂ ವಚನ ವಿಮರ್ಶೆಯಲ್ಲಿ ಸೂಜಿ ಮತ್ತು ಕದಿರುಗಳು ಬಹುಮಟ್ಟಿಗೆ ಅಧ್ಯಾತ್ಮದ ರೂಪಕಗಳಾಗಿ ಉಳಿದವು. ಅಕ್ಕಮಹಾದೇವಿ ಉಡುಗೆಯನ್ನು ತೊರೆದುದರ ಅರ್ಥವನ್ನು ಕುರಿತು ಕನ್ನಡದಲ್ಲಿ ಬಹಳಷ್ಟು ಚರ್ಚೆ ನಡೆದಿದೆ. ಅವಳು ತೊರೆದ ಉಡುಗೆ ಯಾವುದಾಗಿತ್ತು, ಅವಳ ಕಾಲದ ಹೆಣ್ಣುಮಕ್ಕಳು ಏನನ್ನು ಉಡುತ್ತಿದ್ದರು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬಂದಿಲ್ಲ. ತೊರೆದುದು ಏನೆಂದು ತಿಳಿಯದೆ ತೊರೆಯುವಿಕೆಯ ತೂಕವನ್ನು ಅಳೆಯುವುದು ಕಷ್ಟ.

ನಾಲ್ಕನೆಯದು ವಸಾಹತು ಕಾಲದ ವರದಿಗಳು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ನೇಕಾರರು, ನೂಲು, ಬಣ್ಣ ಮತ್ತು ಬೆಲೆಗಳ ವಿವರಗಳನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದಾನೆ. ಬಟ್ಟೆ ಅವನಿಗೆ ಸರಕು. ಮಗ್ಗದಿಂದ ಮಾರುಕಟ್ಟೆಯವರೆಗೆ ಅವನು ಅದನ್ನು ಹಿಂಬಾಲಿಸುತ್ತಾನೆ, ಮೈಯವರೆಗೆ ಹಿಂಬಾಲಿಸುವುದು ಕಡಿಮೆ. ಎಡ್ಗರ್ ಥರ್ಸ್ಟನ್‌ನ 1909ರ ಏಳು ಸಂಪುಟಗಳು, ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ಪ್ರಕಟವಾದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಕುಲ, ಬೆಡಗು, ಮದುವೆ, ಶವಸಂಸ್ಕಾರಗಳಿಗೆ ವಿಸ್ತಾರವಾದ ಸ್ಥಳ ಕೊಟ್ಟಿವೆ. ಉಡುಗೆಗೆ ದೊರೆತ ಸ್ಥಳ ಕಿರಿದು. ನಮ್ಮ ಸಮುದಾಯ ಅಧ್ಯಯನಗಳ ಅಧ್ಯಾಯ ವಿಂಗಡಣೆ ಈ ಮಾದರಿಯಿಂದ ಬಂದುದು. ಮಾದರಿಯೊಡನೆ ಅದರ ಅಲಕ್ಷ್ಯವನ್ನೂ ನಾವು ಪಡೆದುಕೊಂಡೆವು.

ಸ್ವಾತಂತ್ರ್ಯಾನಂತರ ಜಿ.ಎಸ್. ಘುರ್ಯೆ ಅವರ ಭಾರತೀಯ ಉಡುಪು ಕುರಿತ ಗ್ರಂಥ (1951), ಕರ್ನಾಟಕದ ಮಟ್ಟಿಗೆ ಜ್ಯೋತ್ಸ್ನಾ ಕಾಮತ್ ಅವರ ಮಧ್ಯಕಾಲೀನ ಸಮಾಜ ಜೀವನದ ಅಧ್ಯಯನ (1980) ಈ ಕ್ಷೇತ್ರಕ್ಕೆ ಭದ್ರವಾದ ತಳಹದಿ ಹಾಕಿದವು. ಉಡುವ ಕ್ರಮವನ್ನೇ ಕೇಂದ್ರವಾಗಿಟ್ಟುಕೊಂಡ ಕೆಲಸವೆಂದರೆ ಫ್ರೆಂಚ್ ಮಾನವಶಾಸ್ತ್ರಜ್ಞೆ ಶಾಂತಾಲ್ ಬುಲಾಂಜೆ ಅವರ 1997ರ ಸೀರೆ ಉಡುವ ಕಲೆಯ ಕೈಪಿಡಿ. ಸುತ್ತಿನ ದಿಕ್ಕು, ಗಂಟು, ನೆರಿಗೆಗಳ ಆಧಾರದ ಮೇಲೆ ಉಡುವ ಬಗೆಗಳನ್ನು ವರ್ಗೀಕರಿಸಬಹುದೆಂದು ಅದು ತೋರಿಸಿತು. ಕನ್ನಡ ಜಾನಪದ ವಿದ್ವಾಂಸರು ಈ ವಿಧಾನವನ್ನು ಇನ್ನೂ ತಮ್ಮದಾಗಿಸಿಕೊಳ್ಳಬೇಕಾಗಿದೆ.

3. ಭಾಷೆ ಕಾಪಾಡಿದ ಭೇದ

ಗ್ರಂಥಗಳು ಬಿಟ್ಟುದನ್ನು ಕನ್ನಡ ಭಾಷೆ ತನ್ನ ಕ್ರಿಯಾಪದಗಳಲ್ಲಿ ಉಳಿಸಿಕೊಂಡಿದೆ. ಸೀರೆ ಉಡುತ್ತಾರೆ, ಪಂಚೆ ಉಡುತ್ತಾರೆ. ರವಿಕೆ ತೊಡುತ್ತಾರೆ, ಬಳೆ ತೊಡುತ್ತಾರೆ, ಉಂಗುರ ತೊಡುತ್ತಾರೆ. ಸೆರಗು ಹೊದೆಯುತ್ತಾರೆ, ಕಂಬಳಿ ಹೊದೆಯುತ್ತಾರೆ. ಹೂ ಮುಡಿಯುತ್ತಾರೆ, ಬೊಟ್ಟು ಇಡುತ್ತಾರೆ. ಉಡುವ ಕ್ರಿಯೆಯ ನೆಲೆ ಸೊಂಟ. ಉಡುದಾರ, ಉಡಿ ಎಂಬ ಮಾತುಗಳು ಇದೇ ಧಾತುವಿನ ಬಳಗಕ್ಕೆ ಸೇರಿವೆ. ತೊಡುವ ಕ್ರಿಯೆಯಲ್ಲಿ ದೇಹದ ಅಂಗವು ವಸ್ತುವಿನ ಒಳಗೆ ಹೋಗುತ್ತದೆ. ವಸ್ತುವಿಗೆ ಮೊದಲೇ ಒಂದು ಆಕಾರವಿರುತ್ತದೆ. ಉಡುವ ಬಟ್ಟೆಗೆ ಆಕಾರ ಬರುವುದು ಮೈಮೇಲೆ ಬಂದ ನಂತರ. ಬಿಚ್ಚಿದರೆ ಅದು ಮತ್ತೆ ಚಪ್ಪಟೆಯಾದ ಬಟ್ಟೆ.

ಲಂಗವನ್ನು ಹೊಲಿದಿದ್ದರೂ ಉಡುವುದೆಂದು ಹೇಳುವ ರೂಢಿಯಿದೆ. ಆದ್ದರಿಂದ ಈ ಭೇದ ಹೊಲಿಗೆಯದಲ್ಲವೆಂದು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಬಟ್ಟೆ ದೇಹದ ಯಾವ ಭಾಗವನ್ನು ಹೇಗೆ ಹಿಡಿದು ನಿಲ್ಲುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ. ಆದರೂ ಮೈಗೆ ತಕ್ಕಂತೆ ಕತ್ತರಿಸಿ ಹೊಲಿದ ಉಡುಪುಗಳು ಬಹುತೇಕ ‘ತೊಡು’ವಿನ ಕಡೆಗೇ ಸೇರಿದವು. ‘ಉಡುಗೆ-ತೊಡುಗೆ’ ಎಂಬ ಜೋಡುನುಡಿಯನ್ನು ನಾವು ಒಂದೇ ಅರ್ಥದ ಪುನರುಕ್ತಿಯೆಂದು ಬಳಸುತ್ತೇವೆ. ಅದು ಎರಡು ಬಗೆಯ ತಾಂತ್ರಿಕ ಜ್ಞಾನದ ಹೆಸರು.

ಈಗ ಚೂಡಿದಾರವನ್ನೂ ನೈಟಿಯನ್ನೂ ‘ಹಾಕಿಕೊಳ್ಳುತ್ತಾರೆ’. ಬಳೆ, ಬೊಟ್ಟು, ಓಲೆ, ಚಪ್ಪಲಿ ಎಲ್ಲಕ್ಕೂ ಅದೇ ಕ್ರಿಯಾಪದ. ಹಲವು ಕ್ರಿಯಾಪದಗಳ ಜಾಗವನ್ನು ಒಂದೇ ಕ್ರಿಯಾಪದ ಆಕ್ರಮಿಸುವಾಗ ಅವುಗಳ ಹಿಂದಿದ್ದ ಕೈಯ ಅಭ್ಯಾಸಗಳೂ ಸರಿಯುತ್ತವೆ. ಸಂಶೋಧಕರು ಎಲ್ಲ ಕಡೆಯೂ ಬಳಸುವ ‘ಧರಿಸು’ ಎಂಬ ಸಂಸ್ಕೃತ ಮೂಲದ ಮಾತು ಶಿಷ್ಟ ಬರವಣಿಗೆಯಲ್ಲಿ ಇದೇ ಕೆಲಸವನ್ನು ಇನ್ನೂ ಮೊದಲೇ ಮಾಡಿತ್ತು. ಕ್ಷೇತ್ರಕಾರ್ಯದಲ್ಲಿ ವಕ್ತೃ ಬಳಸಿದ ಕ್ರಿಯಾಪದವನ್ನು ಹಾಗೆಯೇ ಬರೆದುಕೊಳ್ಳುವುದು ಈ ಕಾರಣದಿಂದ ಮುಖ್ಯ.

4. ವೀರನಹೊಸಹಳ್ಳಿಯ ಸುತ್ತಮುತ್ತ

ವೀರನಹೊಸಹಳ್ಳಿ ನಾಗರಹೊಳೆ ಅರಣ್ಯದ ಒಂದು ಬಾಗಿಲು. ಇಲ್ಲಿಂದ ಒಂದು ಕಡೆ ಹೊಗೆಸೊಪ್ಪು, ರಾಗಿ ಬೆಳೆಯುವ ಹುಣಸೂರು, ಪಿರಿಯಾಪಟ್ಟಣದ ಬಯಲು. ಇನ್ನೊಂದು ಕಡೆ ಕಾಡು ಹಾಗೂ ಅದರಾಚೆಗೆ ಕೊಡಗು. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಹಾಡಿಗಳು ಈ ಅಂಚಿನ ಉದ್ದಕ್ಕೂ ಎಚ್.ಡಿ. ಕೋಟೆಯವರೆಗೆ ಹರಡಿವೆ. 1960ರ ದಶಕದ ಆರಂಭದಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಅನಂತರ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ನರು ನೆಲೆಸಿದರು. ಒಂದೇ ದಿನದ ಪ್ರಯಾಣದ ಒಳಗೆ ಬೇರೆಬೇರೆ ತತ್ತ್ವಗಳ ಮೇಲೆ ನಿಂತ ಮಹಿಳಾ ಉಡುಗೆಗಳು ಇಲ್ಲಿ ಸಿಗುತ್ತವೆ.

ಕೊಡವ ಮಹಿಳೆಯರ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ. ಸೆರಗು ಎಡಗಂಕುಳ ಕೆಳಗಿನಿಂದ ಎದೆಯನ್ನು ಬಳಸಿ ಬಲಭುಜದ ಮೇಲೆ ನಿಲ್ಲುತ್ತದೆ. ಇದಕ್ಕೊಂದು ಐತಿಹ್ಯವಿದೆ: ನದಿಯಾಗಿ ಹರಿದ ಕಾವೇರಿಯನ್ನು ಬಲಮುರಿಯಲ್ಲಿ ಜನ ತಡೆಯಲು ನಿಂತಾಗ ಪ್ರವಾಹದ ಸೆಳೆತಕ್ಕೆ ಹೆಂಗಸರ ನೆರಿಗೆಗಳು ಹಿಂದಕ್ಕೆ ತಿರುಗಿದುವಂತೆ. ಈ ಕಥೆಯನ್ನು ನಂಬಿಕೆಯೆಂದು ದಾಖಲಿಸಿ ಮುಂದೆ ಹೋಗುವುದು ರೂಢಿ. ಬೆಟ್ಟ ಹತ್ತಲು ಅನುಕೂಲವೆಂಬ ಉಪಯುಕ್ತತೆಯ ವಿವರಣೆಯನ್ನು ಅದರ ಪಕ್ಕದಲ್ಲಿಡುವುದೂ ರೂಢಿ. ಎರಡನೆಯದನ್ನೂ ಯಾರೂ ಪರೀಕ್ಷಿಸಿ ಹೇಳುವುದಿಲ್ಲವಾದ್ದರಿಂದ ಅದೂ ಒಂದು ಐತಿಹ್ಯವೇ. ಐತಿಹ್ಯವು ಒಂದು ವಿಷಯವನ್ನು ಸರಿಯಾಗಿ ಗುರುತಿಸಿದೆ ಎಂಬುದನ್ನು ಮರೆಯಬಾರದು. ನೆರಿಗೆ ಹಿಂದಿರುವುದು ವಿವರಣೆ ಬೇಡುವ ಸಂಗತಿಯೆಂದೂ ಅದು ಸಮುದಾಯದ ಗುರುತೆಂದೂ ಜನಪದರು ತಿಳಿದಿದ್ದರು.

ಕಾಡಂಚಿನ ಸಮುದಾಯಗಳ ಹಿರಿಯ ತಲೆಮಾರಿನ ಹೆಂಗಸರಲ್ಲಿ ಬಟ್ಟೆಯನ್ನು ಕಂಕುಳ ಕೆಳಗಿನಿಂದ ಎದೆಗೆ ಬಿಗಿಯಾಗಿ ಸುತ್ತಿ ಭುಜದ ಮೇಲೆ ಗಂಟು ಹಾಕುವ ಕ್ರಮ ಕಂಡುಬರುತ್ತದೆ. ಒಂದೇ ಬಟ್ಟೆ ಎದೆಯನ್ನೂ ಸೊಂಟವನ್ನೂ ಮುಚ್ಚುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಇಂಥ ಉಡುಗೆಯನ್ನು ವರ್ಣಿಸುವಾಗ ‘ರವಿಕೆ ತೊಡುವುದಿಲ್ಲ’ ಎಂಬ ನಿಷೇಧವಾಕ್ಯ ಬರುವುದುಂಟು. ವಿಮರ್ಶೆಗೆ ಒಳಗಾಗಬೇಕಾದ ವಾಕ್ಯವಿದು. ಭುಜದ ಗಂಟಿನ ಉಡುಗೆ ತನ್ನಲ್ಲಿಯೇ ಪೂರ್ಣವಾದುದು; ರವಿಕೆಗೆ ಅದರಲ್ಲಿ ಜಾಗವೇ ಇಲ್ಲ. ಬಯಲಿನ ಉಡುಗೆಯನ್ನು ಅಳತೆಗೋಲಾಗಿ ಹಿಡಿದಾಗ ಅದು ಕೊರತೆಯಾಗಿ ಕಾಣುತ್ತದೆ. ಬುಡಕಟ್ಟಿನ ಹೆಂಗಸರನ್ನು ಮಾದರಿಗಳಂತೆ ನಿಲ್ಲಿಸಿ ತೆಗೆದ ವಸಾಹತು ಕಾಲದ ಛಾಯಾಚಿತ್ರಗಳ ನೋಟ ಈ ಒಂದು ನಿಷೇಧವಾಕ್ಯದ ಮೂಲಕ ನಮ್ಮ ಬರವಣಿಗೆಯಲ್ಲಿಯೂ ಮುಂದುವರಿಯುತ್ತದೆ.

ಇನ್ನೊಂದು ಸಂಗತಿ. ಕೊಡವ ಸೀರೆಯಲ್ಲಿಯೂ ಕಾಡಂಚಿನ ಉಡುಗೆಯಲ್ಲಿಯೂ ಬಟ್ಟೆ ಕಂಕುಳ ಕೆಳಗೆ ಹಾದು ಭುಜದ ಮೇಲೆ ಬಂಧ ಪಡೆಯುತ್ತದೆ. ರಚನೆಯ ದೃಷ್ಟಿಯಿಂದ ಇವೆರಡೂ ಬಯಲಿನ ಸೀರೆಗಿಂತ ಪರಸ್ಪರ ಹತ್ತಿರವಾಗಿವೆ. ಯಾರು ಯಾರಿಂದ ಪಡೆದರೆಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಹೋಲಿಕೆಯೇ ನಮ್ಮ ಕಣ್ಣಿಗೆ ಬಿದ್ದಿಲ್ಲವೆಂದರೆ ಅದಕ್ಕೆ ಕಾರಣ ಸಮುದಾಯಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಉಡುಗೆಯ ಪುಟ ಎಂಬ ವಿಂಗಡಣೆ. ಉಡುವ ಕ್ರಮವನ್ನು ಆಧಾರವಾಗಿಟ್ಟುಕೊಂಡರೆ ಜಾತಿಯ ಗಡಿ ದಾಟಿದ ಒಂದು ಪ್ರಾದೇಶಿಕ ನಕ್ಷೆ ಸಿದ್ಧವಾಗಬಲ್ಲದು.

ಟಿಬೆಟನ್ ಮಹಿಳೆಯರ ಚುಬಾ ಇವುಗಳಿಂದ ಭಿನ್ನ. ಅದು ಕತ್ತರಿಸಿ ಹೊಲಿದ ಉದ್ದನೆಯ ನಿಲುವಂಗಿ, ಸೊಂಟದಲ್ಲಿ ಕಟ್ಟಿಕೊಳ್ಳುವಂಥದು. ವಿವಾಹಿತೆಯರು ಅದರ ಮುಂದೆ ಕಟ್ಟುವ ಪಟ್ಟೆಪಟ್ಟೆಯ ಪಾಂಗ್ದೆನ್ ಅನ್ನು ಸಾಂಪ್ರದಾಯಿಕವಾಗಿ ಕಿರಿದಾದ ಮೂರು ನೇಯ್ಗೆಯ ಪಟ್ಟಿಗಳನ್ನು ಜೋಡಿಸಿ ಹೊಲಿಯುತ್ತಾರೆ. ಮಗ್ಗದ ಅಗಲ ಕಿರಿದಾದುದರಿಂದ ಜೋಡಣೆಯ ಹೊಲಿಗೆ ಉಡುಪಿನ ಲಕ್ಷಣವೇ ಆಯಿತು.

ಬಯಲಿನಲ್ಲಿ ಮುಂದೆ ನೆರಿಗೆ, ಎಡಭುಜಕ್ಕೆ ಸೆರಗು ಇರುವ ಸೀರೆ ಸಾಮಾನ್ಯ. ಇದನ್ನು ಮೂಲ ಕನ್ನಡದ ಉಡುಗೆಯೆಂದು ಭಾವಿಸುವುದಕ್ಕೆ ಮುನ್ನ ಗಿರಣಿ ಸೀರೆಯ ಅಳತೆಯನ್ನೂ ಮುದ್ರಿತ ಚಿತ್ರಗಳ ಪ್ರಭಾವವನ್ನೂ ನೆನೆಯಬೇಕು. ಕಚ್ಚೆ ಹಾಕಿ ಉಡಲು ಒಂಬತ್ತು ಗಜ, ಅಂದರೆ ಹದಿನೆಂಟು ಮೊಳದ ಸೀರೆ ಬೇಕು. ಅಂಗಡಿಯಲ್ಲಿ ಸಿಗುವುದು ಸುಮಾರು ಐದೂವರೆ ಮೀಟರಿನದಾದರೆ ಕಚ್ಚೆ ತಾನಾಗಿ ಮರೆಯಾಗುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯದಿಂದ ಹೊರಟ ದೇವಿಯರ ಚಿತ್ರಗಳು ಒಂದು ಬಗೆಯ ಸೀರೆಯನ್ನು ಮನೆಮನೆಯ ಗೋಡೆಗೆ ತಂದವು. ಇನ್ನು ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಎಲೆಯ ಅಂಟಿನಿಂದಲೂ ಬಿಸಿಲಿನಿಂದಲೂ ಅದು ರಕ್ಷಣೆ. ಈ ಸೀಮೆಯ ಇಂದಿನ ದುಡಿಮೆಯ ಉಡುಗೆ ಇದು. ಸಾಂಪ್ರದಾಯಿಕವಲ್ಲವೆಂಬ ಕಾರಣಕ್ಕೆ ಇದನ್ನು ಯಾವ ಅಧ್ಯಾಯಕ್ಕೂ ಸೇರಿಸದಿದ್ದರೆ ಮುಂದಿನ ತಲೆಮಾರಿನ ಸಂಶೋಧಕರಿಗೆ ನಾವೂ ಒಂದು ಮೌನವನ್ನೇ ಬಿಟ್ಟುಹೋಗುತ್ತೇವೆ.

5. ಕುಪ್ಪಸ ಹೇಳುವ ಮಾತು

ಹೊಲಿದ ಮಹಿಳಾ ಉಡುಪಿನ ಹಳೆಯ ಕ್ರಮ ಉತ್ತರ ಕರ್ನಾಟಕದಲ್ಲಿ ಹೆಚ್ಚು ಸ್ಪಷ್ಟವಾಗಿ ಉಳಿದಿರುವುದರಿಂದ ಅತ್ತ ನೋಡುವುದು ಅಗತ್ಯ. ಗುಳೇದಗುಡ್ಡದ ಖಣವನ್ನು ಕುಪ್ಪಸಕ್ಕೆಂದೇ ಕಡಿಮೆ ಅಗಲದಲ್ಲಿ ನೇಯುತ್ತಾರೆ. ಹಳೆಯ ಬಗೆಯ ಕುಪ್ಪಸದಲ್ಲಿ ಬಟ್ಟೆಯನ್ನು ಆದಷ್ಟು ನೇರ ತುಂಡುಗಳಾಗಿ ಕತ್ತರಿಸುತ್ತಾರೆ. ಅಂಚು ತೋಳಿಗೂ ಕೆಳಭಾಗಕ್ಕೂ ಬರುವಂತೆ ನೋಡಿಕೊಳ್ಳುತ್ತಾರೆ. ಕಂಕುಳಲ್ಲಿ ಸಣ್ಣ ತುಂಡು ಕೂಡಿಸಿ ಕೈ ಎತ್ತಲು ಸಡಿಲ ಕೊಡುತ್ತಾರೆ. ಮುಂದೆ ಗಂಟು ಕಟ್ಟುತ್ತಾರೆ. ಬಟ್ಟೆ ಪೋಲಾಗುವುದು ಅತ್ಯಲ್ಪ. ಇಂದಿನ ದರ್ಜಿ ಹೊಲಿಯುವ ರವಿಕೆಯಲ್ಲಿ ಡಾರ್ಟು, ಕ್ರಾಸ್ ಕಟ್ಟು, ಕಟೋರಿ, ಹುಕ್ಕುಗಳಿವೆ. ಅದು ಟೇಪಿನಿಂದ ಅಳೆದ ಒಂದು ಮೈಗೆ, ಒಂದು ಕಾಲಕ್ಕೆ ಮಾತ್ರ ಹೊಂದುತ್ತದೆ.

ಎರಡನ್ನೂ ಕೈಯಲ್ಲಿ ಹೊಲಿದು ನೋಡಿದವರಿಗೆ ವ್ಯತ್ಯಾಸದ ಸಾಮಾಜಿಕ ಅರ್ಥ ಹೊಳೆಯುತ್ತದೆ. ಗಂಟಿನ ಕುಪ್ಪಸ ಹೆಣ್ಣಿನ ಮೈ ಬದಲಾಗುತ್ತದೆಂಬುದನ್ನು ಒಪ್ಪಿಕೊಂಡ ಉಡುಪು. ಬಸಿರಿನಲ್ಲಿ ಗಂಟು ಸಡಿಲವಾಗುತ್ತದೆ, ಮೊಲೆಯೂಡಿಸುವಾಗ ಬಿಚ್ಚಲು ಸುಲಭ. ಚೊಚ್ಚಲ ಬಸುರಿಗೆ ನಡೆಸುವ ಶಾಸ್ತ್ರಕ್ಕೆ ಉತ್ತರ ಕರ್ನಾಟಕದಲ್ಲಿ ‘ಕುಬುಸದ ಕಾರ್ಯ’ ಎಂಬ ಹೆಸರೇ ಇದೆ. ಆ ಶಾಸ್ತ್ರದ ಹಾಡುಗಳನ್ನು ಸಂಗ್ರಹಿಸಿದಷ್ಟು ಶ್ರದ್ಧೆಯಿಂದ ಆ ಕುಬುಸದ ತುಂಡುಗಳನ್ನು ಎಣಿಸಿ ಬರೆದಿಟ್ಟಿದ್ದರೆ ಹಾಡಿನ ಅರ್ಥವೂ ತುಂಬಿಬರುತ್ತಿತ್ತು. ಕಸೂತಿಯ ವಿಷಯದಲ್ಲಿಯೂ ಹೀಗೆಯೇ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ಅಲಂಕಾರದ ಹೊಲಿಗೆಗಳು ವಿದ್ವಾಂಸರ ಗಮನ ಸೆಳೆದವು. ತುಂಡು ತುಂಡನ್ನು ಜೋಡಿಸುವ ಸಾಮಾನ್ಯ ಹೊಲಿಗೆ ಹೆಸರಿಲ್ಲದೆ ಉಳಿಯಿತು.

ಹಳೆಯ ಮೈಸೂರಿನಲ್ಲಿ ಇದಕ್ಕೆ ಪೂರಕವಾದ ಒಂದು ಆಚರಣೆಯಿದೆ. ಗೌರಿಹಬ್ಬದ ಬಾಗಿನದಲ್ಲಿ, ಅರಿಸಿನ ಕುಂಕುಮದ ತಾಂಬೂಲದಲ್ಲಿ, ಮಡಿಲು ತುಂಬುವಾಗ ಕೊಡುವುದು ರವಿಕೆಯನ್ನಲ್ಲ, ರವಿಕೆಯ ಕಣವನ್ನು. ಎಷ್ಟೋ ಕಣಗಳು ಹೊಲಿಗೆಗೆ ಬರದೆ ಕೈಯಿಂದ ಕೈಗೆ, ಮನೆಯಿಂದ ಮನೆಗೆ ಸುತ್ತುತ್ತವೆ. ಕತ್ತರಿ ತಾಗದ ಬಟ್ಟೆ ಯಾರಿಗೂ ಸಲ್ಲುತ್ತದೆ. ಕತ್ತರಿ ತಾಗಿದ ಮೇಲೆ ಅದು ಒಬ್ಬಳದಾಗುತ್ತದೆ. ಈ ವಿನಿಮಯದಿಂದ ವಿಧವೆಯರನ್ನು ಹೊರಗಿಟ್ಟದ್ದನ್ನೂ, ಬ್ರಾಹ್ಮಣ ವಿಧವೆಯರಿಗೆ ಹಿಂದೆ ರವಿಕೆಯನ್ನೇ ನಿಷೇಧಿಸಿದ್ದನ್ನೂ ಇದರೊಡನೆ ಇಟ್ಟು ನೋಡಿದರೆ ಹೊಲಿದ ಒಂದು ತುಂಡು ಬಟ್ಟೆಯ ಮೇಲೆ ಸಮಾಜ ಹೇರಿದ ಭಾರ ತಿಳಿಯುತ್ತದೆ.

6. ಉಳಿಯದ ಬಟ್ಟೆ

ಮಹಿಳೆಯರ ನಿತ್ಯದ ಉಡುಗೆ ವಸ್ತುಸಂಗ್ರಹಾಲಯಗಳಲ್ಲಿ ಏಕೆ ವಿರಳ ಎಂಬ ಪ್ರಶ್ನೆಗೆ ಉತ್ತರ ಅದರ ಬಳಕೆಯಲ್ಲಿಯೇ ಇದೆ. ಹಳೆಯ ಸೀರೆ ಮಗುವಿನ ಜೋಲಿಯಾಗುತ್ತದೆ, ಬಾಣಂತಿಯ ಹೊಟ್ಟೆಗೆ ಕಟ್ಟುವ ಪಟ್ಟಿಯಾಗುತ್ತದೆ, ತಲೆಹೊರೆಯ ಸಿಂಬಿಯಾಗುತ್ತದೆ, ಕೌದಿಯ ಪದರವಾಗುತ್ತದೆ, ಕೊನೆಗೆ ಒರಸುವ ಬಟ್ಟೆಯಾಗಿ ಮುಗಿಯುತ್ತದೆ. ಒಡವೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ರಂಗಭೂಮಿಯ ವೇಷಭೂಷಣ ಮೇಳದವರ ಬಳಿ ಉಳಿಯುತ್ತದೆ. ದುಡಿದ ಮೈಯ ಬಟ್ಟೆ ದುಡಿದೇ ಸವೆಯುತ್ತದೆ. 1968ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಮೊದಲಾದ ಸಂಸ್ಥೆಗಳು ನಾಶವಾಗುತ್ತಿದ್ದ ಅಪಾರ ವಸ್ತುಗಳನ್ನು ಕಾಪಾಡಿವೆ. ಆ ಪರಂಪರೆಯ ಮುಂದಿನ ಹೆಜ್ಜೆಯಾಗಿ ಕೌದಿಯನ್ನು ಕರಕುಶಲ ವಸ್ತುವೆಂದಷ್ಟೇ ನೋಡದೆ, ಸೀರೆಗಳ ದಫ್ತರವೆಂದು ಬಿಡಿಸಿ ಓದುವ ಕೆಲಸ ಆಗಬೇಕು. ಒಂದು ಹಳೆಯ ಕೌದಿಯ ಪದರಗಳಲ್ಲಿ ಒಂದು ಮನೆಯ ಹೆಂಗಸರು ಉಟ್ಟ ಅಂಚು, ಒಡಲು, ನೂಲುಗಳ ಮಾದರಿ ಇರುತ್ತದೆ.

7. ಸಮಾರೋಪ

ಹಳೆಯ ಉಡುಪನ್ನು ಮತ್ತೆ ಹೊಲಿದು, ಉಟ್ಟು ನೋಡುವುದನ್ನು ಸಂಶೋಧನಾ ವಿಧಾನವಾಗಿ ಸ್ವೀಕರಿಸಬೇಕೆಂಬುದು ಮೇಲಿನ ಚರ್ಚೆಯ ಫಲಿತ. ಇದಕ್ಕೆ ಮಿತಿಗಳಿವೆ. ಕೈನೂಲಿನ ಬಟ್ಟೆಯ ತೂಕ ಗಿರಣಿ ಬಟ್ಟೆಗಿಲ್ಲ. ಅಭ್ಯಾಸವಿಲ್ಲದ ಮೈ ಅಭ್ಯಾಸವಿದ್ದ ಮೈಯಂತೆ ನಡೆಯುವುದಿಲ್ಲ. ಪ್ರತಿಕೃತಿಯು ‘ಹೀಗೇ ಇತ್ತು’ ಎಂದು ಸಾಧಿಸಲಾರದು. ‘ಹೀಗಿರಲು ಸಾಧ್ಯವಿಲ್ಲ’ ಎಂದು ಮಾತ್ರ ಅದು ಗಟ್ಟಿಯಾಗಿ ಹೇಳಬಲ್ಲದು. ಶಿಲ್ಪ ನೋಡಿ ಊಹಿಸಿದ ಉಡುಗೆ ಮೈಮೇಲೆ ನಿಲ್ಲದೆ ಜಾರಿದರೆ ಊಹೆ ಬಿದ್ದಂತೆಯೇ. ನಮ್ಮ ಕ್ಷೇತ್ರದಲ್ಲಿ ಇಂಥ ನಿರಾಕರಣೆಯ ಸಾಧನ ಇದುವರೆಗೆ ಇರಲಿಲ್ಲ.

ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ ಕನಿಷ್ಠ ಇಷ್ಟು ಸೇರಬೇಕು: ಬಟ್ಟೆಯ ಉದ್ದ, ಅಗಲ, ಸುತ್ತಿನ ದಿಕ್ಕು, ಗಂಟಿನ ಜಾಗ, ನೆರಿಗೆಯ ಸ್ಥಾನ, ತುಂಡುಗಳ ಸಂಖ್ಯೆ, ಹೊಲಿದವರು, ಕೆಲಸ, ಬಸಿರು, ಮುಟ್ಟು, ಶೋಕದ ದಿನಗಳಲ್ಲಿ ಆಗುವ ಬದಲಾವಣೆ, ವಕ್ತೃ ಬಳಸಿದ ಕ್ರಿಯಾಪದ. ಉಟ್ಟು ತೋರಿಸುವುದು, ಚಿತ್ರ ತೆಗೆಯಲು ಒಪ್ಪುವುದು ಅಥವಾ ನಿರಾಕರಿಸುವುದು ಆಕೆಯ ಹಕ್ಕು. ಈ ಕೆಲಸವನ್ನು ಹೆಣ್ಣುಮಕ್ಕಳೇ, ಸಾಧ್ಯವಾದಲ್ಲಿ ಆಯಾ ಸಮುದಾಯದ ವಿದ್ಯಾವಂತ ಹೆಣ್ಣುಮಕ್ಕಳೇ ಮಾಡುವುದು ಒಳ್ಳೆಯದು.

ಕಾಲ ಹೆಚ್ಚಿಲ್ಲ. ನಾಗರಹೊಳೆಯಿಂದ ಹೊರಬಂದ ಕುಟುಂಬಗಳ ಪುನರ್ವಸತಿ ಕಾಲೊನಿಗಳಲ್ಲಿ, ವೀರನಹೊಸಹಳ್ಳಿಯ ಸುತ್ತಲಿನ ಹಾಡಿಗಳಲ್ಲಿ ಆಶ್ರಮಶಾಲೆಯ ಸಮವಸ್ತ್ರ ತೊಟ್ಟು ಬೆಳೆದ ಹುಡುಗಿಯರು ಚೂಡಿದಾರ ಹಾಕಿಕೊಳ್ಳುತ್ತಾರೆ. ಅದು ಅವರ ಆಯ್ಕೆ. ಅವರನ್ನು ಹಳೆಯ ಉಡುಗೆಗೆ ಮರಳಿಸುವುದು ಜಾನಪದ ವಿದ್ವಾಂಸರ ಕೆಲಸವಲ್ಲ. ಭುಜದ ಗಂಟನ್ನು ಕಟ್ಟಬಲ್ಲ ಕೈಗಳು ಇನ್ನೂ ಇರುವಾಗ ಆ ಗಂಟನ್ನು ಕಲಿತು ಬರೆದಿಡುವುದು ನಮ್ಮ ಕೆಲಸ. ಆ ಹುಡುಗಿಯರಲ್ಲಿ ಯಾರಾದರೂ ಮುಂದೊಮ್ಮೆ ತಮ್ಮ ಅಜ್ಜಿಯರ ಬಗೆಗೆ ಓದಲು ಬಯಸಿದಾಗ ಗ್ರಂಥಾಲಯದಲ್ಲಿ ಅವರಿಗೆ ‘ರವಿಕೆ ತೊಡುತ್ತಿರಲಿಲ್ಲ’ ಎಂಬ ಒಂದು ಸಾಲಷ್ಟೇ ಸಿಗುವಂತಾಗಬಾರದು.